ಸೋತ ಪ್ರಯೋಗಗಳ ಪುಟ

"ಗುರುಗಳೇ, ಕಲಿಸುವವನು ಎಷ್ಟನ್ನು ಕಲಿಸಬೇಕು? ಎಷ್ಟನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು?"

ಕೇಳಿದವನು ಅಡವೀಶ. ಗುರುಗಳ ಆಶ್ರಮದಲ್ಲಿ ಹಾರ್ಮೋನಿಯಂ ರಿಪೇರಿ ಕಲಿತವನು. ಅವನು ಶ್ರುತಿ ಕೂಡಿಸಿದ ಪೆಟ್ಟಿಗೆ ಎರಡು ವರ್ಷವಾದರೂ ಕದಲುವುದಿಲ್ಲ ಎಂದು ಸುತ್ತಿನ ಊರುಗಳಲ್ಲಿ ಹೆಸರಿತ್ತು. ಆ ವರ್ಷ ಹೊಸಬನೊಬ್ಬನಿಗೆ ಕೆಲಸ ಕಲಿಸುವಂತೆ ಗುರುಗಳು ಅವನಿಗೆ ಹೇಳಿದ್ದರು.

"ಈಗ ಯಾಕಪ್ಪ ಈ ಪ್ರಶ್ನೆ?" ಎಂದರು ಗುರುಗಳು.

"ಕೆಲಸವನ್ನೆಲ್ಲ ತೋರಿಸಿಕೊಟ್ಟಿದ್ದೇನೆ. ನಾನು ಎಲ್ಲೆಲ್ಲಿ ಕೆಡಿಸಿದೆ, ಕೆಡಿಸಿದ್ದರಿಂದ ಏನು ತಿಳಿಯಿತು ಅನ್ನುವುದನ್ನು ಮಾತ್ರ ಹೇಳಿಲ್ಲ. ಅದನ್ನೂ ಹೇಳಿಬಿಟ್ಟರೆ ಬರುವ ವರ್ಷ ಜನ ಪೆಟ್ಟಿಗೆ ಹೊತ್ತುಕೊಂಡು ಅವನ ಹತ್ತಿರ ಹೋಗುತ್ತಾರೆ. ನನ್ನ ಹತ್ತಿರ ಬರುವುದಕ್ಕೆ ಕಾರಣವೇ ಉಳಿಯುವುದಿಲ್ಲ."

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಂಶೋಧಕನಿದ್ದ. ಹೆಚ್ಚು ಓದಿದವನಲ್ಲ. ದೀಪ, ಪಂಪು, ಬೀಗ, ಗಡಿಯಾರ, ಏನು ಕೆಟ್ಟರೂ ಬಿಚ್ಚಿ ನೋಡುತ್ತಿದ್ದ. ನೋಡಿದ್ದನ್ನು ಬರೆದಿಡುತ್ತಿದ್ದ. ಅದೇ ಊರಿನ ಒಬ್ಬ ವರ್ತಕ ಅವನನ್ನು ನಂಬಿ ತನ್ನದೊಂದು ಶೆಡ್ಡು ಬಿಟ್ಟುಕೊಟ್ಟ. ತಗಡು ಕತ್ತರಿಸುವ ಯಂತ್ರ ತಂದುಕೊಟ್ಟ. ಹನ್ನೊಂದು ಮಂದಿ ಅಲ್ಲಿ ಕೆಲಸಕ್ಕೆ ಸೇರಿದರು.

ಸಂಶೋಧಕ ಆ ಶೆಡ್ಡಿನಲ್ಲಿ ಒಂದು ಸೀಮೆಎಣ್ಣೆ ಒಲೆ ಮಾಡಿದ. ಬೇರೆ ಒಲೆಗಳಲ್ಲಿ ಮೂರು ದಿನಕ್ಕೆ ಮುಗಿಯುವ ಎಣ್ಣೆ ಇದರಲ್ಲಿ ಐದು ದಿನ ಬರುತ್ತಿತ್ತು. ಪಾತ್ರೆಯ ತಳ ಕಪ್ಪಾಗುತ್ತಿರಲಿಲ್ಲ. ಇದಕ್ಕೆ ಪೇಟೆಂಟ್ ಮಾಡಿಸೋಣ ಎಂದ ವರ್ತಕ.

ಪೇಟೆಂಟಿನ ನಿಯಮ ಇಷ್ಟು. ಹೊಸದನ್ನು ಕಂಡುಹಿಡಿದವನು ಅದನ್ನು ಮಾಡುವ ಬಗೆಯನ್ನು ಬರೆದು ಸರ್ಕಾರಕ್ಕೆ ಕೊಡಬೇಕು. ಆ ಕೆಲಸ ಬಲ್ಲ ಇನ್ನೊಬ್ಬ ಅದನ್ನು ಓದಿಯೇ ಆ ವಸ್ತುವನ್ನು ಮಾಡಬಲ್ಲಷ್ಟು ವಿವರ ಅದರಲ್ಲಿರಬೇಕು. ಅದಕ್ಕೆ ಬದಲಾಗಿ, ಕೆಲವು ವರ್ಷಗಳವರೆಗೆ ಅವನ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ಮಾಡುವಂತಿಲ್ಲ. ಆದರೆ ಬರೆದುಕೊಟ್ಟ ಪತ್ರವನ್ನು ಯಾರು ಬೇಕಾದರೂ ತರಿಸಿ ಓದಬಹುದು.

ಸಂಶೋಧಕ ಆರು ಪುಟಗಳಲ್ಲಿ ತನ್ನ ಒಲೆಯನ್ನು ವಿವರಿಸಿದ. ಅಷ್ಟು ಸಾಕಾಗಿತ್ತು. ಅವನು ಏಳನೆಯ ಪುಟವೊಂದನ್ನು ಸೇರಿಸಿದ. ಈ ಒಲೆ ಸಿದ್ಧವಾಗುವ ಮೊದಲು ತಾನು ಮಾಡಿ ಸೋತ ಇಪ್ಪತ್ತಮೂರು ಒಲೆಗಳ ಪಟ್ಟಿ ಅದರಲ್ಲಿತ್ತು. ಒಂದೊಂದರ ಮುಂದೆಯೂ ಅದು ಯಾಕೆ ಸೋತಿತು ಎಂದು ಬರೆದಿದ್ದ.

ವರ್ತಕ ಆ ಪುಟ ಓದಿ ತಲೆಯ ಮೇಲೆ ಕೈಯಿಟ್ಟುಕೊಂಡ.

"ಇದೇನು ಮಹಾರಾಯ! ಮಗಳ ಜಾತಕದಲ್ಲಿರೋ ದೋಷವನ್ನೆಲ್ಲ ತಾನೇ ಪಟ್ಟಿ ಮಾಡಿ ಬೀಗರಿಗೆ ಕೊಟ್ಟ ಹಾಗಾಯ್ತಲ್ಲ! ಸರ್ಕಾರ ಇದನ್ನು ಕೇಳಿದೆಯಾ?"

"ಕೇಳಿಲ್ಲ, ಸಾಹುಕಾರರೇ."

"ಮತ್ತೆ?"

"ಇವುಗಳಲ್ಲಿ ಒಂದೊಂದಕ್ಕೂ ನನಗೆ ಹೆಚ್ಚು ಕಡಿಮೆ ಒಂದು ತಿಂಗಳು ಹಿಡಿದಿದೆ. ಇನ್ನೊಬ್ಬನಿಗೆ ಅದೇ ತಿಂಗಳುಗಳು ಯಾಕೆ ಹಾಳಾಗಬೇಕು?"

"ಹಾಳಾಗಲಿ ಅಂತಲೇ ಅಲ್ಲವೇನಯ್ಯಾ ನಾವು ವ್ಯಾಪಾರ ಮಾಡೋದು?"

ಸಂಶೋಧಕ ನಕ್ಕ. ಪುಟವನ್ನು ಮಾತ್ರ ತೆಗೆಯಲಿಲ್ಲ. ಪೇಟೆಂಟ್ ಬಂತು. ಎರಡು ವರ್ಷ ಒಲೆ ಚೆನ್ನಾಗಿ ಮಾರಾಟವಾಯಿತು.

ದೂರದ ಇನ್ನೊಂದು ಊರಿನಲ್ಲಿ ಲೋಹ ಕರಗಿಸಿ ಎರಕ ಹೊಯ್ಯುವವನೊಬ್ಬನಿದ್ದ. ಅವನು ಆ ಪತ್ರವನ್ನು ತರಿಸಿ ಓದಿದ. ಏಳನೆಯ ಪುಟದಲ್ಲಿ ಹದಿನಾಲ್ಕನೆಯ ಒಲೆಯ ವಿಷಯ ಹೀಗಿತ್ತು: "ಉರಿಯ ಸುತ್ತ ಎರಡು ಕೊಳವೆ ಇಟ್ಟೆ. ಉರಿ ಎಲ್ಲಕ್ಕಿಂತ ಚೆನ್ನಾಗಿ ಬಂತು. ಆದರೆ ಒಳಗಿನ ಕೊಳವೆ ತಗಡಿನದು. ಒಂದು ತಿಂಗಳಲ್ಲಿ ಕಾವಿಗೆ ಸೊಟ್ಟಗಾಯಿತು. ಗಟ್ಟಿ ಕೊಳವೆ ಮಾಡುವ ಅನುಕೂಲ ನನಗಿಲ್ಲ."

ಎರಕದವನಿಗೆ ಆ ಅನುಕೂಲವಿತ್ತು. ಅವನು ಒಳಗಿನ ಕೊಳವೆಯನ್ನು ಬೀಡುಕಬ್ಬಿಣದಲ್ಲಿ ಎರೆದ. ಅವನ ಒಲೆಯಲ್ಲಿ ಅದೇ ಎಣ್ಣೆ ಏಳು ದಿನ ಬಂತು. ಅದಕ್ಕೆ ಅವನೂ ಪೇಟೆಂಟ್ ಪಡೆದ. ತಡೆಯುವಂತಿರಲಿಲ್ಲ. ಸಂಶೋಧಕ ಹಕ್ಕು ಕೇಳಿದ್ದು ಗೆದ್ದ ಒಲೆಯೊಂದಕ್ಕೆ ಮಾತ್ರ. ಸೋತ ಇಪ್ಪತ್ತಮೂರು ಒಲೆಗಳು ಯಾರ ಸ್ವತ್ತೂ ಆಗಿರಲಿಲ್ಲ.

ಜನ ಏಳು ದಿನದ ಒಲೆ ಕೊಂಡರು. ಐದು ದಿನದ ಒಲೆಗಳು ಶೆಡ್ಡಿನಲ್ಲಿ ಸೂರಿನವರೆಗೆ ರಾಶಿ ಬಿದ್ದವು.

ವರ್ತಕ ಬಂದು ನೋಡಿದ.

"ಈ ಮಳೆಗಾಲ ಮುಗಿಯುವ ತನಕ ಕಾಯ್ತೀನಿ. ಅಷ್ಟರಲ್ಲಿ ಮಾರುವಂಥದ್ದು ಏನಾದರೂ ಮಾಡಿದೆಯೋ ಸರಿ. ಇಲ್ಲವೋ, ಶೆಡ್ಡಿಗೆ ಬೀಗ. ಹನ್ನೊಂದು ಮಂದಿಗೆ ಆ ಮಾತನ್ನು ನೀನೇ ಹೇಳು. ನನ್ನ ಕೈಲಿ ಆಗಲ್ಲ."

ಸಂಶೋಧಕ ಹನ್ನೊಂದು ಮಂದಿಯನ್ನೂ ಕೂಡಿಸಿ ಆ ದಿನವೇ ಹೇಳಿದ. ಅವರಲ್ಲಿ ಹಿರಿಯಳಾದ ಗಂಗಾಬಾಯಿ ಎಂಬವಳು, "ಹಾಗಾದರೆ ಸುಮ್ಮನೆ ಯಾಕೆ ಕೂತಿದೀಯಪ್ಪ? ಈ ಊರಿನ ನೀರನ್ನಾದರೂ ತಿಳಿ ಮಾಡು. ಮಳೆ ಬಂದರೆ ಕೊಡದಲ್ಲಿ ನೀರು ತರ್ತೀವೋ ಕೆಮ್ಮಣ್ಣು ತರ್ತೀವೋ ಗೊತ್ತಾಗಲ್ಲ" ಎಂದಳು.

ಅದು ನಿಜವಾಗಿತ್ತು. ಊರು ಕುಡಿಯುತ್ತಿದ್ದುದು ಕೆರೆಯ ನೀರು. ಮಳೆಗಾಲದಲ್ಲಿ ಅದು ಕೆಂಪಾಗುತ್ತಿತ್ತು. ಬಟ್ಟೆಯಲ್ಲಿ ಸೋಸಿದರೂ ಕೆಂಪೇ.

ಸಂಶೋಧಕ ನೀರು ಸೋಸುವ ಸಾಧನಕ್ಕೆ ಕೈಹಾಕಿದ. ಮರಳು ಹಾಕಿ ನೋಡಿದ. ಇದ್ದಿಲು ಹಾಕಿ ನೋಡಿದ. ಎರಡನ್ನೂ ಪದರ ಪದರವಾಗಿ ಹಾಕಿ ನೋಡಿದ. ಸಡಿಲವಾಗಿ ತುಂಬಿದರೆ ನೀರು ಬಂದ ಬಣ್ಣದಲ್ಲೇ ಇಳಿಯುತ್ತಿತ್ತು. ಬಿಗಿಯಾಗಿ ತುಂಬಿದರೆ ವಾರದೊಳಗೆ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡದ್ದನ್ನು ತೊಳೆಯುವ ದಾರಿ ಇರಲಿಲ್ಲ. ಅರ್ಧ ಮಳೆಗಾಲ ಕಳೆಯಿತು.

ಒಂದು ಬೆಳಿಗ್ಗೆ ವರ್ತಕ ಎರಕದವನ ಪೇಟೆಂಟ್ ಪತ್ರದ ನಕಲು ತರಿಸಿ ಸಂಶೋಧಕನ ಮುಂದೆ ಹಾಕಿದ.

"ಓದು. ಎಲ್ಲೆಲ್ಲಿ ನಿನ್ನದನ್ನು ಕದ್ದಿದ್ದಾನೋ ಅಲ್ಲಲ್ಲಿ ಗೆರೆ ಎಳೆದಿಡು. ಕೋರ್ಟಿಗೆ ಹೋಗೋಣ."

ಸಂಶೋಧಕ ಓದಲು ಕುಳಿತ. ಮಧ್ಯಾಹ್ನದ ಊಟ ಆರಿಹೋಯಿತು. ಎರಕದವನ ಒಲೆಯ ವಿವರ ಒಂಬತ್ತು ಪುಟ. ಹತ್ತನೆಯ ಪುಟದ ಮೇಲೆ ಎರಕದವನು ಒಂದು ಮಾತು ಬರೆದಿದ್ದ: "ನನಗಿಂತ ಮೊದಲಿನವನು ತಾನು ಸೋತದ್ದನ್ನು ಬರೆದಿದ್ದ. ಅದರಿಂದ ನನಗೆ ಬಹಳ ತಿಂಗಳು ಉಳಿದವು. ಆದ್ದರಿಂದ ನಾನು ಸೋತದ್ದನ್ನೂ ಬರೆಯುತ್ತೇನೆ." ಕೆಳಗೆ ಮೂವತ್ತೊಂದು ಪ್ರಯೋಗಗಳ ಪಟ್ಟಿ ಇತ್ತು.

ಸಾಯಂಕಾಲ ವರ್ತಕ ಬಂದ.

"ಗೆರೆ ಎಳೆದೆಯಾ?"

"ಎಳೆದೆ."

ವರ್ತಕ ಪುಟ ತಿರುವಿದ. ಒಂಬತ್ತು ಪುಟಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಹತ್ತನೆಯ ಪುಟದಲ್ಲಿ ಒಂದೇ ಒಂದು ಗೆರೆ ಇತ್ತು, ಹತ್ತೊಂಬತ್ತನೆಯ ಸಾಲಿನ ಕೆಳಗೆ.

"ಇಲ್ಲಿ ಕದ್ದಿದ್ದಾನಾ?"

"ಇಲ್ಲ, ಸಾಹುಕಾರರೇ. ಇಲ್ಲಿ ನಾನು ಕದಿಯಬೇಕು."

ಆ ಸಾಲು ಹೀಗಿತ್ತು: "ಹತ್ತಿಯ ಬತ್ತಿ ಸುಟ್ಟುಹೋಗುತ್ತದೆಂದು ಮಣ್ಣಿನ ಬತ್ತಿ ಮಾಡಿದೆ. ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಸುಟ್ಟೆ. ಹೊಟ್ಟು ಉರಿದುಹೋಗಿ ಮಣ್ಣಿನಲ್ಲಿ ಸಣ್ಣ ಸಣ್ಣ ತೂತು ಉಳಿದವು. ತೂತು ತೀರ ಸಣ್ಣವು. ಎಣ್ಣೆ ಏರುವುದು ನಿಧಾನ. ಉರಿ ಆರುತ್ತದೆ. ಒಲೆಗೆ ಬರುವುದಿಲ್ಲ. ಗಲೀಜು ಎಣ್ಣೆ ಹಾಕಿದರೂ ಇದರಿಂದ ತಿಳಿ ಎಣ್ಣೆಯೇ ಬರುತ್ತದೆ ಎಂಬುದನ್ನು ಗಮನಿಸಿದ್ದೇನೆ."

ಮರುದಿನವೇ ಸಂಶೋಧಕ ಕುಂಬಾರನ ಮನೆಗೆ ಹೋದ. ಹೊಟ್ಟನ್ನು ಜರಡಿ ಹಿಡಿದು ಮಣ್ಣಿಗೆ ಕಲಸಿದ. ಬತ್ತಿಯ ಬದಲು ಗಡಿಗೆ ಮಾಡಿಸಿ ಸುಡಿಸಿದ. ಮೊದಲಿನವು ಒಡೆದವು. ಕೆಲವು ಸೋರಿದವು. ಕೆಲವುಗಳಿಂದ ನೀರು ಹನಿಯಲೇ ಇಲ್ಲ. ಹದಿನೇಳನೆಯ ಗಡಿಗೆಗೆ ಕೆರೆಯ ಕೆಂಪು ನೀರು ಹೊಯ್ದರು. ಹನ್ನೊಂದು ಮಂದಿ ಸುತ್ತ ನಿಂತು ನೋಡಿದರು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಡಿಗೆಯ ತಳ ಬೆವರಿತು. ಒಂದು ಹನಿ ಬಿತ್ತು. ಕೆಳಗಿಟ್ಟ ಲೋಟ ತುಂಬಿದಾಗ ಅದರ ತಳ ಕಾಣುತ್ತಿತ್ತು. ಗಡಿಗೆ ಕಟ್ಟಿಕೊಂಡಾಗ ತೆಂಗಿನ ನಾರಿನಿಂದ ಒಳಮೈ ಉಜ್ಜಿದರೆ ಸಾಕು, ಮತ್ತೆ ಹನಿಯುತ್ತಿತ್ತು.

ಗಂಗಾಬಾಯಿ ಒಂದು ಲೋಟ ಕುಡಿದು, "ಮಣ್ಣಿನ ರುಚಿ ಇಲ್ಲದೆ ನೀರು ಸಪ್ಪೆ ಅನ್ನಿಸ್ತದೆ" ಎಂದಳು. ಎಲ್ಲರೂ ನಕ್ಕರು. ಮಳೆಗಾಲ ಮುಗಿಯಲು ಆಗ ಹನ್ನೆರಡು ದಿನ ಉಳಿದಿತ್ತು. ಶೆಡ್ಡಿಗೆ ಬೀಗ ಬೀಳಲಿಲ್ಲ.

ಗಡಿಗೆಯ ಪೇಟೆಂಟಿಗೂ ಸಂಶೋಧಕ ಪತ್ರ ಬರೆದ. ಕೊನೆಯಲ್ಲಿ ಸೋತ ಹದಿನಾರು ಗಡಿಗೆಗಳ ಪುಟ ಸೇರಿಸಿದ. ವರ್ತಕ ಈ ಸಲ ಮೊದಲೇ ಎಚ್ಚರವಾಗಿದ್ದ. ಪತ್ರ ಹೊರಡುವ ಹಿಂದಿನ ದಿನ ಪೆನ್ಸಿಲ್ ಹಿಡಿದೇ ಬಂದ.

"ಎರಕದವನೊಬ್ಬ ಒಳ್ಳೆಯವನು, ಬರೆದ. ಲೋಕದಲ್ಲಿ ಎಲ್ಲರೂ ಹಾಗಿರಲ್ಲ. ಕೊಡು ಆ ಪುಟ. ನಾನೇ ಹೊಡೆದು ಹಾಕ್ತೀನಿ."

ಸಂಶೋಧಕ ಕೊಟ್ಟ. ಶೆಡ್ಡು ವರ್ತಕನದು, ಬೇಡ ಅನ್ನುವಂತಿರಲಿಲ್ಲ.

ವರ್ತಕ ಹೊಡೆದು ಹಾಕುವವನಾದರೂ ಓದಿಯೇ ಹೊಡೆಯುವವನು. ಮೊದಲನೆಯ ಸಾಲು ಓದಿದ, ಹೊಡೆದ. ಎರಡನೆಯದನ್ನು ಓದಿದ, ಹೊಡೆದ. ಹೀಗೆ ಹತ್ತು ಸಾಲು ಹೋದವು. ಹನ್ನೊಂದನೆಯದರ ಮೇಲೆ ಪೆನ್ಸಿಲ್ ನಿಂತಿತು.

"ಇದೇನು ಬರೆದಿದೀಯಾ? ಹೊಟ್ಟು ಹೆಚ್ಚಾಯಿತು, ಗಡಿಗೆ ನಿಲ್ಲಲಿಲ್ಲ, ಆ ಮಣ್ಣನ್ನೇ ಬಿಲ್ಲೆಯಂತೆ ಮಾಡಿ ಸುಟ್ಟೆ, ಒಂದು ಸಲ ನೀರಲ್ಲಿ ಅದ್ದಿದರೆ ಒಂಬತ್ತು ದಿನ ಒದ್ದೆಯಾಗಿಯೇ ಇರುತ್ತೆ..."

"ಹೌದು. ನೀರನ್ನು ಹಿಡಿದುಕೊಳ್ಳುತ್ತೆ, ಬಿಡಲ್ಲ. ಒತ್ತಿದ ಕಡೆ ಮಾತ್ರ ತೇವ ಕೊಡುತ್ತೆ. ಸೋಸೋದಕ್ಕೆ ಪ್ರಯೋಜನವಿಲ್ಲ."

"ಒತ್ತಿದ ಕಡೆ ಮಾತ್ರವಾ?"

"ಒತ್ತಿದ ಕಡೆ ಮಾತ್ರ."

"ನೀರಿನ ಬದಲು ಇಂಕು ಹಾಕಿದರೆ?"

ಸಂಶೋಧಕ ತಲೆಯೆತ್ತಿ ನೋಡಿದ.

ವರ್ತಕನ ಕಚೇರಿಯಲ್ಲಿ ರಬ್ಬರ್ ಸ್ಟಾಂಪಿಗೆ ಇಂಕು ಹತ್ತಿಸುವ ಪ್ಯಾಡು ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಒಣಗುತ್ತಿತ್ತು. ಗುಮಾಸ್ತ ಅದಕ್ಕೆ ನೀರು ಚಿಮುಕಿಸುತ್ತಿದ್ದ. ಮೊಹರು ತೆಳುವಾಗಿ ಬಿದ್ದು ಅಕ್ಷರ ಕಾಣುತ್ತಿರಲಿಲ್ಲ. ಮೊಹರು ಕಾಣಲಿಲ್ಲವೆಂದು ಅವನ ಮಾಲು ಎರಡು ಸಲ ರೈಲ್ವೆ ಗೋಡೌನಿನಲ್ಲೇ ಕೊಳೆತಿತ್ತು. ಸಂಶೋಧಕನಿಗೆ ಇದಾವುದೂ ಗೊತ್ತಿರಲಿಲ್ಲ. ಅವನ ಬಳಿ ಮೊಹರೇ ಇರಲಿಲ್ಲ.

ವರ್ತಕ ಎದ್ದು ಹೋಗಿ ಒಂದು ರಬ್ಬರ್ ತಂದ. ತಾನು ಹೊಡೆದ ಹತ್ತು ಸಾಲುಗಳನ್ನೂ ಒಂದೊಂದಾಗಿ ಅಳಿಸಿ ಮೊದಲಿನಂತೆ ಮಾಡಿದ.

"ಇರಲಿ ಬಿಡು. ಈ ಹತ್ತರಲ್ಲಿ ಯಾವುದು ಯಾರಿಗೆ ಬೇಕೋ ನನಗೆ ತಿಳಿಯೋದಿಲ್ಲ" ಎಂದ. ಆಮೇಲೆ ತಡೆದು, "ಆದರೆ ಇಂಕಿನ ಬಿಲ್ಲೆಯ ಪತ್ರ ಇದರ ಜೊತೆಗೇ ಹೋಗಬೇಕು, ಹಿಂದೆ ಮುಂದೆ ಅಲ್ಲ" ಎಂದ.

ಹಾಗೆಯೇ ಹೋಯಿತು. ಗಡಿಗೆಯ ಪತ್ರ ಇಂಕಿನ ಬಿಲ್ಲೆಗಾಗಿ ಆರು ವಾರ ಕಾಯಿತು. ಬಿಲ್ಲೆಯ ಪತ್ರದಲ್ಲಿ ಸಂಶೋಧಕನ ಹೆಸರಿನ ಪಕ್ಕದಲ್ಲಿ ವರ್ತಕನ ಹೆಸರೂ ಇತ್ತು. ಸೋತ ಪ್ರಯೋಗಗಳ ಪುಟವನ್ನು ಈ ಸಲ ವರ್ತಕನೇ ಹೇಳಿ ಬರೆಸಿದ. ನಾಲ್ಕನೆಯ ಬಿಲ್ಲೆ ಸೋರಿ ತನ್ನ ಹೊಸ ಧೋತರ ನೀಲಿಯಾದದ್ದನ್ನೂ ಬಿಡಲಿಲ್ಲ.

ಆ ಸಂಶೋಧಕನಿಗೆ ಕೊನೆಗೆ ಮೂರು ಪೇಟೆಂಟುಗಳಾದವು. ಒಂದು ಇಂಧನದ್ದು, ಒಂದು ನೀರಿನದ್ದು, ಒಂದು ಕಚೇರಿ ಸಾಮಾನಿನದ್ದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ವಿದ್ಯೆ ಒಬ್ಬನಿಗೆ ಹೇಗೆ ಒಲಿಯಿತು ಎಂದು ಜನ ಬೆರಗಾದರು. ನಾನು ಆ ಮೂರು ಪತ್ರಗಳನ್ನೂ ಓದಿದ್ದೇನಪ್ಪ. ಎರಕದವನ ಪತ್ರವನ್ನೂ ಓದಿದ್ದೇನೆ. ನಾಲ್ಕನ್ನೂ ಒಟ್ಟಿಗೆ ಇಟ್ಟು ಓದಿದರೆ ಒಂದೇ ಪುಸ್ತಕದಂತೆ ಕಾಣುತ್ತದೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಡವೀಶ ಯೋಚಿಸಿದ. ಅವನಿಗೆ ಸಮಾಧಾನವಾಗಲಿಲ್ಲ.

"ಗುರುಗಳೇ, ಒಂದು ಮಾತು. ಎರಕದವನೂ ತಾನು ಸೋತದ್ದನ್ನು ಬರೆದ, ಆದ್ದರಿಂದ ಸಂಶೋಧಕ ಉಳಿದುಕೊಂಡ. ಅವನು ಬಚ್ಚಿಟ್ಟಿದ್ದರೆ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಬಚ್ಚಿಟ್ಟವರೂ ಎಷ್ಟೋ ಮಂದಿ ಇದ್ದಿರಬೇಕಲ್ಲ? ಅವರ ಕತೆಯನ್ನೂ ಹೇಳಿ. ಎರಡನ್ನೂ ಕೇಳಿ ತೀರ್ಮಾನ ಮಾಡುತ್ತೇನೆ."

ಗುರುಗಳು ಹೇಳಿದರು: "ಬಚ್ಚಿಟ್ಟವರು ಬಹಳ ಮಂದಿ ಇದ್ದರಪ್ಪ. ಅವರ ಕತೆ ಹೇಳೋಣವೆಂದರೆ ಅವರು ಯಾರು, ಏನು ಬಲ್ಲವರಾಗಿದ್ದರು ಎಂಬುದು ಯಾರಿಗೂ ಗೊತ್ತಿಲ್ಲ."