ಹೆಲೆಬೋರಿನ ಹಳೆ ಎಲೆ

ಕೋಟಗಿರಿಯ ಹಾಲಮ್ಮನವರ ಹಿತ್ತಲಲ್ಲಿ, ಪೇರುಮರದ ನೆರಳಿಗೆ ಇಟ್ಟ ಕುಂಡದೊಳಗೆ ಹೆಲೆಬೋರ್ ಎಂಬ ಗಿಡವಿತ್ತು. ಬೇರೆ ಹೂಗಳೆಲ್ಲ ಮುದುಡಿ ಮಲಗುವ ಚಳಿಗಾಲದಲ್ಲೇ ಅರಳುತ್ತೇನೆಂದು ಹಟ ಹಿಡಿಯುವ ಜಾತಿ ಅದು. ಅದರ ಮೊಟ್ಟಮೊದಲ ಮೊಗ್ಗು ಮಣ್ಣಿನಿಂದ ತಲೆ ಎತ್ತಿದ್ದೇ ತಡ, ಮೇಲೆ ಛತ್ರಿಯಂತೆ ಹರಡಿದ್ದ ಹಳೆ ಎಲೆಗೆ ಢಿಕ್ಕಿ ಹೊಡೆಯಿತು.

"ಅಜ್ಜ, ಸ್ವಲ್ಪ ಸರಿಯಿರಿ."

"ಸರಿದರೆ ನಿನಗೆ ಶೀತವಾದೀತು ಮಗು. ನಾನಿರುವುದೇ ನಿನ್ನ ರಕ್ಷಣೆಗೆ," ಎಂದಿತು ಎಲೆ.

"ನಿಮ್ಮ ಮೈಯ ಕಪ್ಪು ಚುಕ್ಕೆರೋಗ ನನಗೂ ಅಂಟುತ್ತದೆ!"

"ಅದು ರೋಗವಲ್ಲ, ಅನುಭವ."

ಅಷ್ಟರಲ್ಲಿ ಹಾಲಮ್ಮ ಸಲಿಕೆ ಹಿಡಿದು ಬಂದರು. ಕುಂಡ ನೋಡಿ ಮುಖ ಸಿಂಡರಿಸಿದರು. "ಈ ವರ್ಷವೂ ಹೂವಿಲ್ಲವಲ್ಲ ದಂಡಪಿಂಡ! ಕಿತ್ತೆಸೆದು ಪುದೀನ ನೆಡುತ್ತೇನೆ."

"ಅಲುಗಬೇಡ, ಅಡಗಿರು. ಬೈದು ಹೋಗುತ್ತಾಳೆ," ಎಂದು ಎಲೆ ಪಿಸುಗುಟ್ಟಿತು.

"ಅಡಗಿದರೆ ಇಬ್ಬರೂ ಹೋಗುತ್ತೇವೆ," ಎಂದ ಮೊಗ್ಗು, ಕತ್ತು ಬಾಗಿಸಿ, ಎಲೆಯ ಅಂಚಿಗೆ ಕೆನ್ನೆ ಉಜ್ಜಿಕೊಂಡು, ಉಸಿರು ಬಿಗಿಹಿಡಿದು ನುಗ್ಗಿತು. ಸಲಿಕೆ ಮಣ್ಣಿಗೆ ಇಳಿಯುವ ಮುನ್ನ ಮೊಗ್ಗಿನ ಮೂತಿ ಹೊರಗೆ ಇಣುಕಿತು.

"ಅಯ್ಯೋ ಕಳ್ಳಿ, ಇಲ್ಲಿದ್ದೀಯಾ!" ಹಾಲಮ್ಮ ಸಲಿಕೆ ಬಿಸುಟು ಕತ್ತರಿ ತಂದರು, ಹಳೆ ಎಲೆಯನ್ನು ಬುಡದಿಂದಲೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು.

ಕೆಲವೇ ದಿನಗಳಲ್ಲಿ ಹೂ ಅರಳಿತು. ಬುಟ್ಟಿಯಲ್ಲಿ ಒಣಗುತ್ತಿದ್ದ ಎಲೆ ಪಕ್ಕದ ಬಾಳೆಸಿಪ್ಪೆಗೆ ಎದೆಯುಬ್ಬಿಸಿ ಹೇಳಿತು: "ನೋಡಿದೆಯಾ? ಅದನ್ನು ಮುಂದೆ ತಂದವನೇ ನಾನು."