ಮೊಣಕೈ ಅದ್ದಿದ ಗಾಳೆವ್ವ

ಡಿಸೆಂಬರ್ ಹನ್ನೊಂದು, ಭಾನುವಾರ. ‘ಹೊಳೆಯಲ್ಲಿ ಮೂವರಿಗೆ ದೀಕ್ಷಾಸ್ನಾನವಾಯಿತು. ಮೂವರೂ ನೀರಿಗಿಳಿಯುವ ಮೊದಲು ಮೊಣಕೈ ಅದ್ದಿ ನೋಡಿದರು’ ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ಯಾಕೆಂದು ಕೇಳುವ ಮಕ್ಕಳಿಗೆ ಹಿರಿಯರು ಹೇಳುತ್ತ ಬಂದದ್ದು ಇದು.

ಬಹಳ ಹಿಂದೆ, ಹೊಳೆದಂಡೆಯ ಒಂದು ಊರಲ್ಲಿ, ಗಾಳೆವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಊರಲ್ಲಿ ಹುಟ್ಟಿದ ಕೂಸೆಲ್ಲ ಮೊದಲು ಬಿದ್ದದ್ದು ಅವಳ ಕೈಗೆ. ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ನೀರಿಗೆ ಮೊಣಕೈ ಅದ್ದಿ ಹದ ನೋಡಿ ಎರೆಯುತ್ತಿದ್ದಳಂತೆ. ಅವಳು ಎರೆದ ಕೂಸು ಮೂರು ಹೊತ್ತು ನಿದ್ದೆ ಮಾಡುತ್ತಿತ್ತಂತೆ. ಏಳು ಹೊತ್ತು ಎನ್ನುವವರೂ ಇದ್ದಾರೆ.

ಅಂಥವಳು ಮುಪ್ಪಿನಲ್ಲಿ ಉಪದೇಶಿ ಸಮಾಧಾನಪ್ಪನವರ ಬಾಯಿಂದ ಯೇಸುವಿನ ಮಾತು ಕೇಳಿದಳು. ಒಂದು ವರ್ಷ ಸುಮ್ಮನೆ ಕೇಳಿದಳು. ಆಮೇಲೆ ತಾನೇ ಹೋಗಿ ದೀಕ್ಷಾಸ್ನಾನ ಬೇಕೆಂದಳು. ಊರು ನಕ್ಕಿತು. “ಊರಿಗೆಲ್ಲ ಎರದಾಕಿಗೆ ಈಗ ತಾನೂ ಎರಕೊಳ್ಳೂ ಚಪಲ ಬಂತು ನೋಡ್ರಿ!” ಎಂದರಂತೆ.

ನಗದವಳು ಮಗಳು ಫಕೀರವ್ವ ಒಬ್ಬಳೇ. ಅವಳನ್ನು ಅದೇ ಊರಿಗೆ ಕೊಟ್ಟಿತ್ತು, ಚೊಚ್ಚಲ ಬಸುರಿ. “ಅವ್ವಾ, ನೀ ನೀರಿಗಿಳದ್ರ ನನ್ನ ಬಾಣಂತನಕ್ಕ ತವರಿಗೆ ಕಳಸೂದಿಲ್ಲಂತ, ಕೂಸನ್ನ ಮುಟ್ಟಗೊಡೂದಿಲ್ಲಂತ ನಮ್ಮತ್ತಿ ಹೇಳ್ಯಾಳ. ನಾ ಹಡದ ಮ್ಯಾಲರ ಇಳಿ,” ಎಂದು ಅತ್ತಳು.

ಗಾಳೆವ್ವ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳಂತೆ. “ದಿನ ತುಂಬಿದ ಮ್ಯಾಲ ಕೂಸಿಗೆ ತಡಿ ಅಂದ್ರ ತಡೀತದೇನವ್ವ?” ಎಂದಳಂತೆ.

ಚಳಿಗಾಲ. ದಂಡೆಯಲ್ಲಿ ಮುದುಕಿ ನಡುಗುತ್ತಿದ್ದಳು. ಸಮಾಧಾನಪ್ಪನವರು ಅವಳನ್ನು ತಡೆದರು. ಬೇಸಿಗೆ ಬರಲಿ, ನೀರು ಪಾಪ ತೊಳೆಯುವುದಿಲ್ಲ, ತೊಳೆಯುವವನು ಯೇಸು, ಅವನ ಜೊತೆ ಸತ್ತೆ, ಅವನ ಜೊತೆ ಎದ್ದೆ ಎಂದು ಎಲ್ಲರೆದುರು ಹೇಳುವುದಷ್ಟೇ ಇದು ಎಂದರಂತೆ. ತಾನು ಹೇಳಬೇಕಾದ್ದೇ ಅದು ಎಂದಳು ಗಾಳೆವ್ವ. ಮನೆಯಲ್ಲೇ ಬಿಸಿನೀರು ಕಾಸೋಣವೇ ಎಂದು ಯಾರೋ ಕೇಳಿದರು.

“ಕೂಸಿಗೆ ಬಿಸಿನೀರು ಬೇಕು. ಅದು ಕೇಳಿ ಬಂದದ್ದಲ್ಲ. ನಾ ಕೇಳಿಕೊಂಡು ಬಂದಾಕಿ,” ಎಂದಳಂತೆ.

ನೀರಿಗಿಳಿಯುವಾಗ ಕೈ ರೂಢಿ ಬಿಡಲಿಲ್ಲ. ಬಗ್ಗಿ ಮೊಣಕೈ ಅದ್ದಿ ನೋಡಿದಳು. ದಂಡೆಯವರು ನಕ್ಕರು, ಅವಳೂ ನಕ್ಕಳು. ಮುಳುಗಿ ಎದ್ದಳು. ಹೊಳೆಯ ಆ ಮಡುವಿನ ನೀರು ಅಂದು ಸಂಜೆಯವರೆಗೆ ಬೆಚ್ಚಗಿತ್ತಂತೆ.

ಮರುದಿನದಿಂದ ಅವಳನ್ನು ಯಾವ ಮನೆಗೂ ಕರೆಯಲಿಲ್ಲ. ಫಕೀರವ್ವ ಅತ್ತೆಮನೆಯಲ್ಲೇ ಹೆತ್ತಳು, ಹೆಣ್ಣು. ಬೆಳಿಗ್ಗೆ ಬೆಳಿಗ್ಗೆ ಗಾಳೆವ್ವ ಆ ಮನೆಯ ಬಚ್ಚಲಗೋಡೆಯ ಹೊರಗೆ ನಿಲ್ಲುತ್ತಿದ್ದಳಂತೆ. ಕೂಸಿನ ಅಳು ಕೇಳಿಯೇ, “ನೀರು ಸುಡಾಕತ್ತಾವ, ತಣ್ಣೀರು ಬೆರಸ್ರಿ,” ಎನ್ನುತ್ತಿದ್ದಳಂತೆ. ಒಳಗೆ ತಣ್ಣೀರು ಸುರಿದ ಸದ್ದು ಕೇಳುತ್ತಿತ್ತಂತೆ.

ಇಂದಿಗೂ ಆ ಮಡುವಿಗೆ ಇಳಿಯುವವರು ಮೊದಲು ಮೊಣಕೈ ಅದ್ದುತ್ತಾರೆ. ನೀರು ತಣ್ಣಗೇ ಇರುತ್ತದೆ. ಆದರೂ ಇಳಿಯುತ್ತಾರೆ.

ಗಾಳೆವ್ವ ಆಮೇಲೆ ಎರಡು ಚಳಿಗಾಲ ಬದುಕಿದಳು. ಊರ ಕೂಸುಗಳಿಗೆಲ್ಲ ಎರೆದವಳು ತನ್ನ ಮೊಮ್ಮಗಳನ್ನು ಒಮ್ಮೆಯೂ ಕಾಲ ಮೇಲೆ ಮಲಗಿಸಿಕೊಳ್ಳಲಿಲ್ಲ.