ಹದ್ದಿನ ಗುಡ್ಡದಿಂದ ಬಂದ ಉತ್ತರ

"ಕೇಳಿರಿ, ಕೇಳಿರಿ! ದೊರೆ ಮಲ್ಲರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಊರಿಗೊಬ್ಬರು ಬರಲೇಬೇಕು!"

ಹೀಗಂತ ಬೀದಿಬೀದಿಯಲ್ಲಿ ಡಂಗುರ ಬಡಿದರು. ಎಲ್ಲರ ಮೊಬೈಲಿಗೂ ಅದೇ ಮಾತು ಬಂತು. ರಾಜರ ಕಾಲದಲ್ಲಿ ಮೊಬೈಲ್ ಎಲ್ಲಿತ್ತು ಅಂತ ಮೂಗು ಮುರಿಯಬೇಡಿ. ಕತೆ ಹೇಳುವವಳು ನಾನು, ಇತ್ತು ಅಂದರೆ ಇತ್ತು.

ಮಲ್ಲರಸನಿಗೆ ಹಕ್ಕಿಗಳೆಂದರೆ ಪ್ರಾಣ. ಪ್ರಜೆಗಳೆಲ್ಲ ತಾವು ಕಂಡ ಹಕ್ಕಿಗಳನ್ನು ಮೊಬೈಲಿನಲ್ಲಿ ಬರೆದು ಅರಮನೆಯ ಜಾಲತಾಣಕ್ಕೆ ಕಳಿಸಬೇಕೆಂದು ಕಟ್ಟಳೆ ಮಾಡಿದ್ದ. ಯಾವ ಹಕ್ಕಿ ಎಲ್ಲಿದೆ, ಹೆಚ್ಚಿತೋ ಕಡಿಮೆಯಾಯಿತೋ ಎಂದು ಅದರಿಂದ ತಿಳಿಯಬೇಕೆಂಬ ಆಸೆ ಅವನದು. ಆಸೆ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಅಪರೂಪದ ಹಕ್ಕಿ ಬರೆದವರಿಗೆ ಶಾಲು ಹೊದಿಸುತ್ತಿದ್ದ, ಏನೂ ಕಾಣಲಿಲ್ಲ ಅಂದವರಿಗೆ ಸೋಮಾರಿಗಳೆಂದು ಚಾವಟಿಯಲ್ಲಿ ಹೊಡೆಸುತ್ತಿದ್ದ. ಅಲ್ಲೇ ಎಡವಿದ ಮಹಾರಾಯ.

ಒಂದು ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳನ್ನು ಹುಚ್ಚುನಾಯಿ ಕಚ್ಚಿತು. ಹುಡುಗಿ ನೀರು ಕಂಡರೆ ಚೀರುತ್ತಾ ಚೀರುತ್ತಾ ಸತ್ತಳು. ಅದಾದ ಮೇಲೆ ದೊರೆ ನಗಲಿಲ್ಲ. ಸಿಂಹಾಸನದ ಪಕ್ಕದಲ್ಲಿ ಕೊಡಲಿಯವನನ್ನು ನಿಲ್ಲಿಸಿಕೊಂಡು ಒಗಟು ಕೇಳಲು ಕೂತ. ಯಾರಿಗೆ ಯಾವ ಒಗಟು ಮೊದಲು ಎಂಬುದು ಅವನಿಷ್ಟ.

ಮೊದಲು ಬಂದವನು ಪಟ್ಟಣದ ತಿಪ್ಪೇರುದ್ರ. ಅವನ ಮನೆಯಲ್ಲಿ ಶಾಲು ಮಡಚಿಡಲು ಜಾಗವಿರಲಿಲ್ಲ, ಅಷ್ಟು ಗೆದ್ದಿದ್ದ.

"ದಿನಾ ನಿನ್ನ ಅಂಗಳಕ್ಕೆ ಬರುತ್ತದೆ, ನಿನ್ನ ಅನ್ನ ತಿನ್ನುತ್ತದೆ. ಆದರೂ ಅದನ್ನು ಕಂಡೆನೆಂದು ನೀನು ಒಂದು ದಿನವೂ ಬರೆಯಲಿಲ್ಲ. ಯಾವುದದು?" ಎಂದ ದೊರೆ.

"ದಾಯಾದಿ, ಪ್ರಭು!"

ಸಭೆ ಗೊಳ್ಳೆಂದು ನಕ್ಕಿತು. ದೊರೆ ಕೈ ಎತ್ತಿದ, ಕೊಡಲಿ ಇಳಿಯಿತು. ಆಮೇಲೆ ಆ ಸಭೆಯಲ್ಲಿ ಯಾರೂ ನಗಲಿಲ್ಲ.

ಎರಡನೆಯವನು ದಂಡನಾಯಕನ ಮಗ. "ಒಬ್ಬ ತಂದರೆ ಒಂದು ಹಿಡಿ ಧೂಳು, ನಾಡೆಲ್ಲ ತಂದರೆ ದೊರೆಗೆ ಕಣ್ಣು. ಅದೇನು?" ಎಂಬ ಪ್ರಶ್ನೆಗೆ "ಕಪ್ಪಕಾಣಿಕೆ" ಎಂದ. ಅವನದೂ ಮುಗಿಯಿತು.

ಹದ್ದಿನ ಗುಡ್ಡದಿಂದ ಕರಿಬಸ ಬಂದಿದ್ದ, ಕುರಿ ಕಾಯುವವನು. ಬೇಡವೆಂದರೂ ಕೇಳದೆ ತಂಗಿ ಹಾಲವ್ವ ಬೆನ್ನಿಗೇ ಬಂದು, ಮೊದಲಿನ ಎರಡು ಒಗಟನ್ನೂ ಸಭೆಯಲ್ಲಿ ಕೇಳಿಸಿಕೊಂಡಿದ್ದಳು.

"ಹುಡುಕಿ ಹೋದವನಿಗೆ ಏನೂ ಸಿಗುವುದಿಲ್ಲ. ಆದರೂ ಅವನು ಅದನ್ನು ಮನೆಗೆ ತರಲೇಬೇಕು. ತರದಿದ್ದರೆ ಮನೆಯಲ್ಲಿ ಹೆಣ ಬೀಳುತ್ತದೆ. ಏನು ಹೇಳು?"

ಕರಿಬಸನ ತುಟಿ ಒಣಗಿತು. "ನೀರು, ಸ್ವಾಮಿ," ಎಂದ.

ಕೊಡಲಿ ಮೇಲೆದ್ದಿತ್ತು. ಹಾಲವ್ವ ಓಡಿಬಂದು ಅಣ್ಣನ ಕುತ್ತಿಗೆಯ ಮೇಲೆ ಅಡ್ಡ ಬಿದ್ದಳು. "ತಡೀರಿ! ಮೂರೂ ನಾನು ಬಿಡಿಸ್ತೀನಿ. ಗೆದ್ದರೆ ನಮ್ಮಣ್ಣನ್ನ ಬಿಡಿ, ತಪ್ಪಿದರೆ ಇಬ್ಬರದೂ ತೆಗೀರಿ."

"ಆಗಲಿ," ಎಂದ ದೊರೆ.

"ಮೊದಲನೇದು ಕಾಗೆ. ಕಾಗೆ ಬರೆದರೆ ಶಾಲು ಯಾರು ಹೊದಿಸ್ತಾರೆ? ಅದಕ್ಕೇ ಯಾರೂ ಬರೀಲಿಲ್ಲ. ನಾಳೆ ಕಾಗೆಗಳೇ ಇಲ್ಲವಾದರೂ ನಿಮಗೆ ಗೊತ್ತಾಗಲ್ಲ."

ದೊರೆ ತಲೆದೂಗಿದ.

"ಎರಡನೇದು ನಾವು ಕಂಡದ್ದು. ನಾನೊಬ್ಬಳು ಕಂಡದ್ದು ಕಟ್ಟಿಕೊಂಡು ನಿಮಗೇನಾಗಬೇಕು? ಎಲ್ಲರೂ ಕಂಡದ್ದು ಸೇರಿದರೆ ನೀವು ಇಲ್ಲಿ ಕೂತೇ ನಾಡೆಲ್ಲ ನೋಡಬಹುದು."

"ಮೂರನೆಯದು?"

ಹಾಲವ್ವ ಅಣ್ಣನ ಮುಖ ನೋಡಿದಳು. ಬೇಡ ಎಂಬಂತೆ ಅವನು ತಲೆಯಾಡಿಸಿದ. ಆದರೂ ಹೇಳಿದಳು.

"'ಕಾಣಲಿಲ್ಲ' ಅನ್ನೋ ಸುದ್ದಿ, ಸ್ವಾಮಿ."

"ಬಿಡಿಸಿ ಹೇಳು. ಹೇಳದಿದ್ದರೆ ಅದು ಉತ್ತರವಲ್ಲ."

"ನಮ್ಮ ಗುಡ್ಡದಲ್ಲಿ ರಣಹದ್ದು ಇದ್ದವು. ಸತ್ತ ದನ ಬಿದ್ದರೆ ಸಂಜೆಯೊಳಗೆ ಮೂಳೆ ಮಾತ್ರ ಉಳಿಸ್ತಿದ್ದವು. ಒಂದು ವರ್ಷ ಬರಲೇ ಇಲ್ಲ. ನಮ್ಮಪ್ಪ ಗುಡ್ಡವೆಲ್ಲ ಸುತ್ತಿ, ಕಾಣಲಿಲ್ಲ ಅಂತ ಬರೆದ. ನೀವು ಚಾವಟಿಯಲ್ಲಿ ಹೊಡೆಸಿದಿರಿ. ಆ ಗಾಯದಲ್ಲೇ ಸತ್ತ. ಮಾರನೇ ವರ್ಷ ಅಣ್ಣ ಜೀವ ಉಳಿಸಿಕೊಳ್ಳೋಕೆ, ಹದ್ದುಗಳಿವೆ ಅಂತ ಬರೆದ. ಅಕ್ಕಪಕ್ಕದ ಊರವರೂ ಹಾಗೇ ಬರೆದರು. ನೀವು ನಂಬಿದಿರಿ. ಸತ್ತ ದನಗಳು ಬಿದ್ದಲ್ಲೇ ಕೊಳೆತವು, ಅವನ್ನು ತಿಂದು ನಾಯಿ ಹೆಚ್ಚಿದವು, ಹುಚ್ಚು ಅರಮನೆಯವರೆಗೂ ಹರಡಿತು."

ದೊರೆ ಎದ್ದು ನಿಂತ. "ಹಾಗಾದರೆ ನನ್ನ ಮಗಳನ್ನು ಕೊಂದವನು ನಿನ್ನ ಅಣ್ಣ."

"ಹೌದು ಸ್ವಾಮಿ. ಅಣ್ಣನ ಸುಳ್ಳು, ನಿಮ್ಮ ಚಾವಟಿ. ಎರಡೂ ಸೇರಿ ಕೊಂದವು."

ಕೊಡಲಿಯವನು ದೊರೆಯ ಕೈಯನ್ನೇ ನೋಡಿದ. ದೊರೆ ಕೈ ಎತ್ತಲಿಲ್ಲ, ಮೆಲ್ಲಗೆ ಕೂತ.

"ಉತ್ತರ ನನಗೆ ಗೊತ್ತಿತ್ತು," ಎಂದ. "ಒಬ್ಬರಾದರೂ ನನ್ನ ಮುಖಕ್ಕೆ ಹೇಳಲಿ ಅಂತ ಕಾಯುತ್ತಿದ್ದೆ."

"ಅದಕ್ಕೆ ಇಬ್ಬರ ತಲೆ ಬೇಕಾಗಿತ್ತಾ?"

ಇದು ನಾಲ್ಕನೆಯ ಒಗಟು. ನಿಮ್ಮ ಬಳಿ ಉತ್ತರವಿದ್ದರೆ ಹೇಳಿ, ನಾನೂ ಕೇಳುತ್ತೇನೆ.

ಕೊಟ್ಟ ಮಾತಿಗೆ ಮಾತ್ರ ದೊರೆ ತಪ್ಪಲಿಲ್ಲ. ಕರಿಬಸನನ್ನು ಬಿಟ್ಟುಬಿಟ್ಟ, ಹಾಲವ್ವನಿಗೆ ಅರ್ಧ ರಾಜ್ಯ ಧಾರೆ ಎರೆದ. ಊರ ಹತ್ತಿರ ಬಂದಾಗ ಅಣ್ಣ ಕೇಳಿದ:

"ನನ್ನ ಹೆಸರು ಯಾಕೆ ಎತ್ತಿದೆ ಹಾಲಿ? ಅವನು ಕಡಿಸಿಬಿಟ್ಟಿದ್ದರೆ?"

"ನಿನ್ನ ಬಿಟ್ಟು ಹೇಳಿದ್ದರೆ ಅದೂ ಸುಳ್ಳೇ ಆಗ್ತಿತ್ತಲ್ಲಣ್ಣ," ಎಂದಳು. ಹೇಳಿ ಗಳಗಳನೆ ಅತ್ತಳು. ಅವನೂ ಅತ್ತ.

ಇಬ್ಬರೂ ಗುಡ್ಡ ಹತ್ತಿದರು. ಕತ್ತು ನೋಯುವವರೆಗೆ ಆಕಾಶ ನೋಡಿದರು. ಕಣ್ಣು ಹಾಯಿಸಿದಷ್ಟೂ ನೆಲ ಈಗ ಹಾಲವ್ವನದು, ಅದರ ಮೇಲೆ ಒಂದೇ ಒಂದು ರಣಹದ್ದು ಹಾರಲಿಲ್ಲ. ಅವಳು ಮೊಬೈಲನ್ನು ಅಣ್ಣನ ಕೈಗೆ ಕೊಟ್ಟಳು. ಅವನು 'ಕಾಣಲಿಲ್ಲ' ಅಂತ ಬರೆದ.